ಮಾರಲಿರುವ ಮನೆಯ ಅಡುಗೆಮನೆ

ಕನ್ನಡದಲ್ಲಿ ಮನೆಯೊಳಗಿನ ಕೋಣೆಗಳಿಗೂ ಮನೆಯೆಂದೇ ಹೆಸರು. ನಡುಮನೆ, ದೇವರಮನೆ, ಬಚ್ಚಲುಮನೆ, ಅಡುಗೆಮನೆ. ಮರಾಠಿಯ ದೇವಘರ, ಸ್ವಯಂಪಾಕಘರಗಳಲ್ಲಿಯೂ ಇದೇ ರೀತಿಯುಂಟು. ಹೀಗಿರುವಾಗ ಮನೆ ಮಾರುವವರು ಒಂದು ಮನೆಯನ್ನಲ್ಲ, ಹಲವು ಮನೆಗಳನ್ನು ಮಾರುತ್ತಾರೆ. ಮೊರಪ್ಪೂರಿನ ಅಕ್ಕತಮ್ಮಂದಿರಿಬ್ಬರಿಗೆ ಉಳಿದವುಗಳನ್ನು ಮಾರುವುದು ಕಷ್ಟವಾಗಲಿಲ್ಲ. ತೊಡಕಾದದ್ದು ಅಡುಗೆಮನೆ.

ಮೊರಪ್ಪೂರು ಜೋಲಾರಪೇಟೆಯಿಂದ ಸೇಲಂಗೆ ಹೋಗುವ ರೈಲುಮಾರ್ಗದ ಊರು. ೧೯೦೬ರಲ್ಲಿ ಇಲ್ಲಿಂದ ಧರ್ಮಪುರಿಗೆ ಕಿರುಹಳಿಯ ರೈಲು ಹೊರಟಿತು. ೧೯೧೩ರಲ್ಲಿ ಅದು ಹೊಸೂರನ್ನು ಮುಟ್ಟಿತು. ೧೯೪೧ರಲ್ಲಿ, ಯುದ್ಧದ ಕಾಲದಲ್ಲಿ, ನಿಂತೇ ಹೋಯಿತು. ೧೯೬೫ರವರೆಗೆ ಈ ಸೀಮೆ ಸೇಲಂ ಜಿಲ್ಲೆಗೆ ಸೇರಿತ್ತು. ಧರ್ಮಪುರಿಯಲ್ಲಿ ೯ನೆಯ ಶತಮಾನದ ನೊಳಂಬರ ಕನ್ನಡ ಶಾಸನಗಳಿವೆ. ಆದರೆ ಕಲ್ಲಿನ ಕನ್ನಡ ಬೇರೆ, ಬಾಯಿಯ ಕನ್ನಡ ಬೇರೆ. ಈ ಅಕ್ಕತಮ್ಮಂದಿರು ಕಲಿತದ್ದು ತಮಿಳು ಶಾಲೆಯಲ್ಲಿ. ಅಂಗಡಿ, ಕಚೇರಿ, ರೈಲು ನಿಲ್ದಾಣ ಎಲ್ಲವೂ ತಮಿಳು. ಕನ್ನಡ ಉಳಿದಿದ್ದದ್ದು ತಾಯಿಯ ಬಳಿ, ತಾಯಿ ಇದ್ದದ್ದು ಅಡುಗೆಮನೆಯಲ್ಲಿ. ಉಪ್ಪು ಸಾಲದು, ಮುದ್ದೆ ಗಂಟಾಯಿತು, ಬೆಂಕಿ ತಗ್ಗಿಸು ಎಂಬಂಥ ಮಾತುಗಳಲ್ಲಿ ಒಂದು ಭಾಷೆ ದಿನವೂ ಎರಡು ಹೊತ್ತು ಬೆಂದು ಬಡಿಸಲ್ಪಡುತ್ತಿತ್ತು.

ತಾಯಿ ತೀರಿಕೊಂಡ ಮೇಲೆ ಮನೆಯನ್ನು ಮಾರಿ ಹಣವನ್ನು ಸಮನಾಗಿ ಹಂಚಿಕೊಳ್ಳುವುದೆಂದು ನಿಶ್ಚಯವಾಯಿತು. ವಿಧವೆಯಾಗಿ ಮರಳಿ ಬಂದು ಮೂವತ್ತು ವರ್ಷ ಆ ಒಲೆಯ ಮುಂದೆ ದುಡಿದಿದ್ದ ಅಕ್ಕ, ಹೊಸೂರಿನಲ್ಲಿರುವ ತಮ್ಮನ ಫ್ಲಾಟಿಗೆ ಹೋಗಬೇಕು. ಅವಳಿಗೆ ಬರುವ ಪಾಲೇ ಅವಳ ಮುಂದಿನ ಆಧಾರ. ಆದುದರಿಂದ ಬೆಲೆ ಅವಳಿಗೂ ಬೇಕಾಗಿತ್ತು. ಇದ್ದ ಹಾಗೆಯೇ ಮಾರಿದರೆ ನಿವೇಶನದ ಬೆಲೆಯಷ್ಟೇ ಸಿಕ್ಕೀತು, ಅಡುಗೆಮನೆ, ಬಚ್ಚಲುಗಳನ್ನು ಹೊಸದಾಗಿಸಿದರೆ ಮನೆಗೂ ಬೆಲೆ ಬಂದೀತು ಎಂದು ಬ್ರೋಕರ್ ಹೇಳಿದ.

ಅಡುಗೆಮನೆ ಮನೆಯ ಆಗ್ನೇಯ ಮೂಲೆಯಲ್ಲಿತ್ತು. ಪೂರ್ವಪಶ್ಚಿಮ ೧೦ ಅಡಿ, ಉತ್ತರದಕ್ಷಿಣ ೮ ಅಡಿ. ನೆಲದ ಮೇಲೆ ಮಣ್ಣಿನ ಒಲೆ, ಅದರ ಮಗ್ಗುಲಿಗೆ ಕೋಡೊಲೆ, ನೆಲದಲ್ಲಿ ಹೂತ ಒರಳು. ನೈಋತ್ಯದಲ್ಲಿ ಹಿತ್ತಲ ಬಾಗಿಲು. ತಮ್ಮ, ಬ್ರೋಕರ್, ಮೇಸ್ತ್ರಿ ಮೂವರೂ ಅಲ್ಲಿ ನಿಂತು ಮಾತನಾಡಿದರು. ನಡುಮನೆಯ ಗೋಡೆಯನ್ನು ಒಡೆದು ಓಪನ್ ಕಿಚನ್ ಮಾಡಬೇಕೆಂದು ಬ್ರೋಕರನ ಮತ. ಆ ಗೋಡೆಯ ಮೇಲೆ ಹಳೆಯ ತೊಲೆ ಕುಳಿತಿದೆ, ಒಡೆದರೆ ಕಾಂಕ್ರೀಟ್ ಬೀಮು ಕೊಡಬೇಕು, ಖರ್ಚು ಏರುತ್ತದೆ ಎಂದು ಮೇಸ್ತ್ರಿ. ಹಾಗಾದರೆ ಹಿತ್ತಲ ಬಾಗಿಲನ್ನು ಮುಚ್ಚಿ ಮೂರು ಗೋಡೆಗೂ ಕಟ್ಟೆ ಕಟ್ಟಿ ಕಪಾಟು ಹೆಚ್ಚಿಸೋಣವೆಂದು ತಮ್ಮ. ಅದೂ ಬೇಡ, ಉತ್ತರ ದಕ್ಷಿಣಗಳಲ್ಲಿ ಎರಡು ಅಡಿ ಅಗಲದ ಎದುರುಬದುರು ಕಟ್ಟೆ, ನಡುವೆ ೪ ಅಡಿ ದಾರಿ, ಇದೇ ಅಗ್ಗವೆಂದು ಮತ್ತೆ ಮೇಸ್ತ್ರಿ. ಅಲ್ಲಿ ಅಡುಗೆ ಮಾಡಿದವಳೊಬ್ಬಳು ಬಾಗಿಲಲ್ಲಿಯೇ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಅಡುಗೆಮನೆಯ ವಿನ್ಯಾಸವು ಚಿಕ್ಕ ವಿಷಯವೆಂದು ತಿಳಿಯುವವರು ಒಂದು ಸಂಗತಿಯನ್ನು ನೆನೆಯಬೇಕು. ೧೦೨೫ರ ಸುಮಾರಿಗೆ ‘ಲೋಕೋಪಕಾರ’ವನ್ನು ಬರೆದ ಇಮ್ಮಡಿ ಚಾವುಂಡರಾಯನು ವಾಸ್ತುವನ್ನೂ ಸೂಪಶಾಸ್ತ್ರವನ್ನೂ ಒಂದೇ ಗ್ರಂಥದಲ್ಲಿ ಇರಿಸಿದನು. ಮನೆ ಕಟ್ಟುವ ವಿದ್ಯೆಯೂ ಅಡುಗೆಯ ವಿದ್ಯೆಯೂ ಲೋಕಕ್ಕೆ ಉಪಕಾರವೇ ಎಂಬುದು ಅದರ ತಾತ್ಪರ್ಯ. ೧೯೨೬ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಷ್ಯೂಟ್ಟೆ-ಲಿಹೊಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಶ್ರಮಿಕರ ಮನೆಗಳಿಗಾಗಿ ಅಡುಗೆಮನೆಯೊಂದನ್ನು ರೂಪಿಸಿದಳು. ಅವಳಿಗೆ ಮಾದರಿಯಾದವುಗಳಲ್ಲಿ ರೈಲಿನ ಊಟದ ಬೋಗಿಯ ಅಡುಗೆಕೋಣೆಯೂ ಒಂದು. ಇಂದು ಮಾಡ್ಯುಲರ್ ಕಿಚನ್ ಎಂದು ಮಾರಾಟವಾಗುವುದರ ಮೂಲ ಅಲ್ಲಿದೆ. ಹೆಣ್ಣಿನ ಹೆಜ್ಜೆಗಳನ್ನು ಉಳಿಸುವುದು ಅವಳ ಗುರಿಯಾಗಿತ್ತು. ಕೋಣೆ ಒಬ್ಬಳು ಮಾತ್ರ ನಿಲ್ಲುವಷ್ಟು ಕಿರಿದಾದುದರಿಂದ ಹೆಜ್ಜೆಗಳೊಡನೆ ಜೊತೆಯೂ ಉಳಿಯದೆ ಹೋಯಿತೆಂಬ ಟೀಕೆ ಆಮೇಲೆ ಬಂದಿತು.

ಅಕ್ಕ ಇದಾವುದನ್ನೂ ಓದಿದವಳಲ್ಲ. ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದಾಗ ಅವಳು ರಂಗೋಲಿಪುಡಿಯಿಂದ ಆ ನೆಲದ ಮೇಲೆ ಒಂದು ನಕ್ಷೆಯನ್ನು ಎಳೆದಿದ್ದಳು. ಪೂರ್ವದ ಗೋಡೆಗೆ ಒಂದು ಕಟ್ಟೆ, ದಕ್ಷಿಣದ ಗೋಡೆಗೆ ಹಿತ್ತಲ ಬಾಗಿಲವರೆಗೆ ಇನ್ನೊಂದು. ಎರಡೂ ಮೂಲೆಯಲ್ಲಿ ಕೂಡುತ್ತವೆ. ಪೂರ್ವದ ಕಿಟಕಿಯ ಕೆಳಗೆ ಗ್ಯಾಸ್ ಒಲೆ, ದಕ್ಷಿಣದಲ್ಲಿ ಸಿಂಕು, ವಾಯುವ್ಯದಲ್ಲಿ ಫ್ರಿಜ್ಜು. ಅವಳು ಒಂದರಿಂದ ಇನ್ನೊಂದಕ್ಕೆ ನಡೆದು ತೋರಿಸಿದಳು. ಮೂರನ್ನೂ ಸುತ್ತಿ ಬಂದರೆ ಸುಮಾರು ೨೦ ಅಡಿ. ಆ ಸುತ್ತು ೧೨ ಅಡಿಗಿಂತ ಕಡಿಮೆಯಿರಬಾರದು, ೨೬ ಅಡಿಯನ್ನು ಮೀರಬಾರದು ಎಂದು ವಿನ್ಯಾಸಕಾರರು ವಿಧಿಸಿರುವುದು ಅವಳಿಗೆ ತಿಳಿದಿರಲಿಲ್ಲ. ಕಾಲಿಗೆ ತಿಳಿದಿತ್ತು.

“ಅಕ್ಕ, ಹಿತ್ತಲ ಬಾಗಿಲು ಇಟ್ಟರೆ ಕಪಾಟು ಕಡಿಮೆಯಾಗುತ್ತದಲ್ಲ?” ಎಂದು ತಮ್ಮ.

“ಕಪಾಟಿನಲ್ಲಿ ಪಾತ್ರೆ ಇಡಬಹುದಪ್ಪಾ, ಹೊಗೆ ಇಡೋಕಾಗತ್ತಾ? ಮೆಣಸಿನಕಾಯಿ ಹುರಿದಾಗ ಗೊತ್ತಾಗತ್ತೆ. ಸಿಂಕಿನ ನೀರೂ ನೇರವಾಗಿ ಹಿತ್ತಲಿಗೆ ಹೋಗತ್ತೆ. ನಡುವೆ ನೆಲ ಖಾಲಿ ಇರಲಿ, ಸೊಪ್ಪು ಸೋಸೋಕೆ ಒಂದು ಮುದುಕಿ ಕೂತ್ಕೋಬೇಕಲ್ಲ.”

ಯಾವ ಮುದುಕಿ ಎಂದು ತಮ್ಮ ಕೇಳಲಿಲ್ಲ. ಕೊಳ್ಳುವವರ ಮನೆಯಲ್ಲಿಯೂ ಒಬ್ಬಳಿದ್ದಾಳು. ಪೂರ್ವಾಭಿಮುಖವಾಗಿ ಅಡುಗೆ ಮಾಡುವಂತಿದ್ದರೆ ವಾಸ್ತು ನೋಡುವ ಗಿರಾಕಿಯೂ ತಕರಾರೆತ್ತುವುದಿಲ್ಲವೆಂದು ಬ್ರೋಕರ್ ಲೆಕ್ಕ ಹಾಕಿ ಒಪ್ಪಿದ. ಗೋಡೆ ಒಡೆಯದೆ ಉಳಿದ ಹಣದಲ್ಲಿ ಕಟ್ಟೆಗೆ ಗ್ರಾನೈಟ್ ಹಾಕಬಹುದೆಂದು ಮೇಸ್ತ್ರಿಯೂ ಒಪ್ಪಿದ. ಅನಂತರ ಅವನು ತಮಿಳಿನಲ್ಲಿ, ಕಟ್ಟೆ ಎಷ್ಟು ಎತ್ತರವಿರಬೇಕೆಂದು ಕೇಳಿದ. ಅಕ್ಕ ಗಿಡ್ಡ ಹೆಂಗಸು. ಅವಳ ಮೊಣಕೈಯನ್ನು ನೋಡಿ ಅವನೇ ೩೦ ಅಂಗುಲ ಸರಿಯಾದೀತೆಂದ. ಮೂವತ್ತು ವರ್ಷ ನೆಲದ ಒಲೆಗೆ ಬಾಗಿದವಳು ಮೊದಲ ಬಾರಿಗೆ ತನ್ನ ಅಳತೆಗೆ ಒಂದು ಕಟ್ಟೆ ಬರಬಹುದಾಗಿದ್ದ ಗಳಿಗೆ ಅದು. ಅವಳು ಸ್ವಲ್ಪ ಹೊತ್ತು ಗೋಡೆಯನ್ನು ನೋಡಿ, “೩೩ ಇಡಿ. ಬರುವವಳು ನನಗಿಂತ ಎತ್ತರ ಇದ್ದಾಳು” ಎಂದಳು. ತಮ್ಮ ಹೊರಗೆ ಹೋದನು. ಹೊಸೂರಿನ ತನ್ನ ಫ್ಲಾಟಿನ ಕಟ್ಟೆ ಎಷ್ಟು ಎತ್ತರವಿದೆಯೆಂಬುದನ್ನು ಅವನು ಅದುವರೆಗೆ ಯೋಚಿಸಿರಲಿಲ್ಲ. ಹೆಂಡತಿಗೆ ಫೋನು ಮಾಡಿ ಅಳೆಯಲು ಹೇಳಿದನು.

ಒರಳನ್ನು ಕೀಳಿಸಿ ಹಿತ್ತಲಿನಲ್ಲಿ ಇರಿಸಿದರು. ಮಣ್ಣಿನ ಒಲೆಯನ್ನು ಒಡೆಯುವ ಮೊದಲು ಅಕ್ಕ ಅದರಲ್ಲಿ ಹಾಲುಕ್ಕಿಸಿ, ಆಳುಗಳಿಗೆಲ್ಲ ಮುದ್ದೆ, ಹುಳಿ ಮಾಡಿ ಬಡಿಸಿದಳು.

ಕೆಲಸ ಮುಗಿದ ಮೇಲೆ ಮನೆ ನೋಡಲು ಬಂದವರಲ್ಲಿ ಒಂದು ಕುಟುಂಬದ ಗಂಡಸರು ಕಾಗದಪತ್ರ ಕೇಳುತ್ತ ನಡುಮನೆಯಲ್ಲಿ ಕುಳಿತರು. ಹೆಂಗಸು ನೇರವಾಗಿ ಅಡುಗೆಮನೆಗೆ ಬಂದು, ಕಟ್ಟೆಯ ಮೇಲೆ ಎರಡೂ ಅಂಗೈಗಳನ್ನು ಊರಿ ನಿಂತು, ‘ಅಡುಪ್ಪು’ ಇಲ್ಲಿಯೇ ತಾನೆ ಎಂದು ತಮಿಳಿನಲ್ಲಿ ಕೇಳಿದಳು. ತಮಿಳಿನ ಅಡುಪ್ಪೂ ಕನ್ನಡದ ಅಡುಗೆಯೂ ‘ಅಡು’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು ಎಂಬುದನ್ನು ಭಾಷಾಶಾಸ್ತ್ರದ ತರಗತಿಯಲ್ಲಿ ಹೇಳಿಕೊಡಬೇಕಾಗುತ್ತದೆ. ಅಕ್ಕನಿಗೆ ಅದರ ಅಗತ್ಯವಿರಲಿಲ್ಲ. ಹೌದು, ಇಲ್ಲಿಯೇ ಎಂದು ಕೈತೋರಿಸಿ, ಮಳೆಗಾಲದಲ್ಲಿ ಕಿಟಕಿಯ ಎಡಬಾಗಿಲನ್ನು ಮಾತ್ರ ತೆರೆಯಬೇಕು, ಇಲ್ಲವಾದರೆ ಗಾಳಿಗೆ ಉರಿ ಆರುತ್ತದೆ ಎಂದು ತಿಳಿಸಿದಳು.