ನಮ್ಮ ಮನೆಯ ಸೆಲ್ಲುಗಳು

ನಮ್ಮ ಕಡೆ ‘ಬ್ಯಾಟ್ರಿ’ ಎಂದರೆ ಕೈಯಲ್ಲಿ ಹಿಡಿಯುವ ದೀಪ. ಬೆಂಗಳೂರಿನವರು ಅದನ್ನು ಟಾರ್ಚು ಎನ್ನುತ್ತಾರೆ. ಅದರ ಹೊಟ್ಟೆಯೊಳಗೆ ಕೂಡುವ ವಸ್ತುವಿಗೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳಲ್ಲಿ ‘ಸೆಲ್ಲು’ ಎಂದೇ ಹೆಸರು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದು ‘ಶುಷ್ಕಕೋಶ’. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಶುಷ್ಕಕೋಶದ ಪರವಾಗಿ ವಾದಿಸಬೇಕಾದುದು ಧರ್ಮ. ಆದರೆ ಅಂಗಡಿಗೆ ಹೋಗಿ “ಎರಡು ಶುಷ್ಕಕೋಶ ಕೊಡಿ” ಎಂದರೆ ಅಂಗಡಿಯವನು ನನ್ನನ್ನು ಔಷಧದ ಅಂಗಡಿಗೆ ಕಳಿಸುತ್ತಾನೆಂಬುದರಲ್ಲಿ ಸಂದೇಹವಿಲ್ಲ. ಆದ್ದರಿಂದ ಈ ಬರಹದಲ್ಲಿಯೂ ಸೆಲ್ಲೆಂದೇ ಹೇಳುತ್ತೇನೆ. ಶಬ್ದಶುದ್ಧಿಯ ಅಭಿಮಾನಿಗಳು ಕ್ಷಮಿಸಬೇಕು.

ನಾನು ಚಿಕ್ಕವನಿದ್ದಾಗ ಸೆಲ್ಲು ಎಂದರೆ ಒಂದೇ ಜಾತಿ. ಕೆಂಪು ಅಂಗಿಯದು, ಒಂಬತ್ತರ ಅಂಕಿಯೊಳಗಿಂದ ಬೆಕ್ಕೊಂದು ಜಿಗಿಯುತ್ತಿತ್ತು. ಮೂರು ಸೆಲ್ಲಿನ ಬ್ಯಾಟ್ರಿ ಇದ್ದ ಮನೆಗೆ ಊರಲ್ಲಿ ಒಂದು ತೂಕ. ಬೆಳಕು ಮಂದವಾಯಿತೆಂದರೆ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಹಪ್ಪಳದಂತೆ ಬಿಸಿಲಿಗಿಡುವರು. ಅವು ಸ್ವಲ್ಪ ಚೇತರಿಸಿಕೊಂಡು ಇನ್ನೆರಡು ರಾತ್ರಿ ಮಿಣಮಿಣ ಎನ್ನುವವು. ಪೂರ್ತಿ ಸತ್ತ ಮೇಲೂ ಅವುಗಳಿಗೆ ಮುಕ್ತಿಯಿರಲಿಲ್ಲ. ನಾವು ಹುಡುಗರು ಕಲ್ಲಿನಿಂದ ಜಜ್ಜಿ ಒಳಗಿನ ಕರಿ ಕಡ್ಡಿ ತೆಗೆದು ಗೋಡೆಗಳ ಮೇಲೆ ಬರೆಯುತ್ತಿದ್ದೆವು. ಕರಿಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಶಾಲೆಯ ಹಲಗೆಗೆ ಬಳಿಯುತ್ತಿದ್ದೆವು. ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ಕಟ್ಟಿದ, ಜರ್ಮನಿಯ ಗಾಸ್ನರ್ ಎಂಬ ವೈದ್ಯ 1886ರ ಸುಮಾರಿಗೆ ಚೆಲ್ಲದಂತೆ ಒಣಗಿಸಿಕೊಟ್ಟ ವಿದ್ಯೆಯ ಕಡೆಯ ಉಪಯೋಗ ನಮ್ಮ ಕರಿಹಲಗೆಯಾಗಿತ್ತೆಂದು ಆ ಇಬ್ಬರಿಗೂ ತಿಳಿದಿರಲಿಕ್ಕಿಲ್ಲ.

ಈಗ ಸೆಲ್ಲಿನ ಮಾತೇಕೆ, ಮೊಬೈಲಿನಲ್ಲಿಯೇ ದೀಪವಿದೆಯಲ್ಲ ಎಂದು ನಗರದ ಓದುಗರು ಕೇಳಬಹುದು. ಅವರು ಒಮ್ಮೆ ಭೀಮಾ ದಂಡೆಯ ಕಬ್ಬಿನ ಹೊಲಕ್ಕೆ ರಾತ್ರಿ ಬರಬೇಕು. ಪಂಪಿನ ಮೋಟರಿಗೆ ಬೇಕಾದ ಮೂರು ಫೇಸಿನ ಕರೆಂಟು ದಿನಕ್ಕೆ ಕೆಲವೇ ತಾಸು. ಅದೂ ಸರದಿಯ ಮೇಲೆ. ಸರದಿ ಬಹಳ ಸಲ ನಡುರಾತ್ರಿಗೆ ಬೀಳುತ್ತದೆ. ಊರು ಮಲಗಿರುವಾಗ ರೈತ ಎದ್ದು ಹೋಗಿ ನೀರು ಬಿಡಬೇಕು, ಒಂದು ಸಾಲು ತುಂಬಿದರೆ ಇನ್ನೊಂದಕ್ಕೆ ತಿರುಗಿಸಬೇಕು. ಒಂದು ಕೈಯಲ್ಲಿ ಸಲಿಕೆ, ಇನ್ನೊಂದು ಕೈಯಲ್ಲಿ ಬ್ಯಾಟ್ರಿ. ಕಾಲ ಕೆಳಗೆ ಕಬ್ಬಿನ ರವದಿ. ಆ ರವದಿಯಲ್ಲಿ ಇಲಿ. ಇಲಿಯ ಹಿಂದೆ ಹಾವು. ಕೊಳಕುಮಂಡಲ, ಕಟ್ಟುಹಾವುಗಳು ಇರುಳಿನಲ್ಲಿಯೇ ಸಂಚಾರ ಹೊರಡುವಂಥವು. ಹಾವು ಕಡಿದ ಪ್ರಕರಣಗಳನ್ನೆಲ್ಲ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಗೊತ್ತುಪಡಿಸಿತು. ರಾತ್ರಿ ನೀರು ಬಿಡುವವರ ಮನೆಯವರಿಗೆ ಆ ಭಯ ಬಹಳ ಹಿಂದಿನಿಂದ ಗೊತ್ತಿದ್ದದ್ದೇ.

ನನ್ನ ತಮ್ಮ ಅಫಜಲಪುರ ತಾಲೂಕಿನ ನಮ್ಮ ಊರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. 2018ರ ಬೇಸಿಗೆಯಲ್ಲಿ ಅವನ ಹತ್ತಿರ ಗೋಡೆಗೆ ಚುಚ್ಚಿ ಚಾರ್ಜು ಮಾಡುವ ಬ್ಯಾಟ್ರಿಯೊಂದಿತ್ತು. ಇಂಥವುಗಳ ಒಳಗಿನ ಸೆಲ್ಲನ್ನು ಬಿಚ್ಚಿ ಬದಲಿಸಲು ಬರುವುದಿಲ್ಲ; ಅದು ಮುಪ್ಪಾದರೆ ದೀಪವೂ ಅದರ ಸಂಗಡ ಸಹಗಮನ ಮಾಡಬೇಕು. ಹಗಲೆಲ್ಲ ಚಾರ್ಜಿಗಿಟ್ಟು ಒಯ್ದ ಆ ದೀಪ ಹೊಲದ ನಡುವೆ ಕಾಲು ಗಂಟೆಯಲ್ಲಿ ಆರಿಹೋಯಿತು. ಫೋನು ಮೋಟರಿನ ಕೋಣೆಯಲ್ಲಿ. ಆಳೆತ್ತರದ ಕಬ್ಬು. ಹತ್ತಿರದಲ್ಲಿಯೇ ರವದಿಯೊಳಗೆ ಏನೋ ಸರಿದ ಸದ್ದು. ಅವನು ಇದ್ದಲ್ಲಿಯೇ ನಿಂತ. ಹಿಂಜಾವದ ಚಂದ್ರ ಮೇಲೇರುವವರೆಗೆ, ಹೆಚ್ಚು ಕಡಿಮೆ ಎರಡು ತಾಸು, ಹೆಜ್ಜೆ ಕಿತ್ತಿಡಲಿಲ್ಲ. “ಏನೂ ಆಗಲಿಲ್ಲ ಬಿಡಣ್ಣ” ಎಂದು ಮರುದಿನ ನಗುತ್ತ ಹೇಳಿದ. ಒಳಗೆ ಹಂಡೆಗೆ ನೀರು ತುಂಬುತ್ತಿದ್ದ ಅವನ ಹೆಂಡತಿ ಮಾತ್ರ ನಗಲಿಲ್ಲ.

ಆ ವಾರವೇ ನಾನು ಕಲಬುರಗಿಯ ಬಜಾರಿಗೆ ಹೋಗಿ, ಎರಡು ಪೆನ್ಸಿಲ್ ಸೆಲ್ಲು ಹಿಡಿಯುವ ಗಟ್ಟಿಯಾದ ಎಲ್‌ಇಡಿ ಬ್ಯಾಟ್ರಿಯನ್ನೂ, ಮತ್ತೆ ಮತ್ತೆ ತುಂಬಬಹುದಾದ ನಾಲ್ಕು ಸೆಲ್ಲುಗಳನ್ನೂ, ಅವನ್ನು ತುಂಬುವ ಚಾರ್ಜರನ್ನೂ ಕೊಂಡು ತಂದೆ. ಸೆಲ್ಲು ಮತ್ತು ಚಾರ್ಜರಿಗೆ ಸುಮಾರು ಒಂಬೈನೂರು ರೂಪಾಯಿ. “ಸರ್ರ, ಇಷ್ಟು ರೊಕ್ಕದಾಗ ಅರವತ್ತು ಸಾದಾ ಸೆಲ್ಲು ಬರ್ತಾವ” ಎಂದು ಅಂಗಡಿಯವನು ನನ್ನ ಹಿತಕ್ಕಾಗಿಯೇ ಎಚ್ಚರಿಸಿದ. ಅವನ ಗಣಿತ ಸರಿಯಾಗಿತ್ತು. ಆ ಅರವತ್ತೂ ಒಂದೊಂದು ಸಲ ಬೆಳಗಿ ತಿಪ್ಪೆಗೆ ಹೋಗುವಂಥವು. ಈ ನಾಲ್ಕು ಹದಿನೈದು ಸಲ ತುಂಬಿಸಿಕೊಂಡರೆ ಆ ಲೆಕ್ಕ ಚುಕ್ತಾ. ಆಮೇಲಿನದೆಲ್ಲ ಲಾಭ. ತುಂಬುವ ಖರ್ಚೂ ದೊಡ್ಡದಲ್ಲ. ನಷ್ಟವನ್ನು ಧಾರಾಳವಾಗಿ ಹಿಡಿದರೂ ಒಂದು ಯೂನಿಟ್ ಕರೆಂಟಿನಲ್ಲಿ ನಾಲ್ಕು ಸೆಲ್ಲುಗಳನ್ನು ಐವತ್ತು ಸಲ ತುಂಬಬಹುದು.

ಇಂಥ ಸೆಲ್ಲುಗಳನ್ನು ಕೊಳ್ಳುವವರಿಗೆ ಒಂದು ಉಪಾಯ ಹೇಳುತ್ತೇನೆ. ಅಂಗಿಯ ಮೇಲೆ ಅಚ್ಚಾದ ಅಂಕಿಯನ್ನು ನಂಬಬೇಡಿ, ತೂಗಿ ನೋಡಿ. ನನ್ನ ಸೆಲ್ಲಿನ ಮೇಲೆ 2000 ಮಿಲಿಆಂಪಿಯರ್ ತಾಸು ಎಂದಿತ್ತು. ಆಳಂದದಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಅರ್ಧ ಬೆಲೆಗೆ ತರಿಸಿದ ಸೆಲ್ಲಿನ ಮೇಲೆ 3600 ಎಂದಿತ್ತು. ಇಬ್ಬರೂ ಪರಿಚಯದ ಅಕ್ಕಸಾಲಿಗರ ಕಟ್ಟೆಗೆ ಹೋಗಿ ತೂಗಿಸಿದೆವು. ನನ್ನದು 27 ಗ್ರಾಂ, ಅವರದು 16. ಒಳಗಿನ ಸರಕು ಇದ್ದರಲ್ಲವೇ ತೂಕ! ಪೆನ್ಸಿಲ್ ಸೆಲ್ಲಿನ ಗಾತ್ರದಲ್ಲಿ ಈ ಜಾತಿಯದು 2700ರ ಆಸುಪಾಸಿಗಿಂತ ಹೆಚ್ಚು ಹಿಡಿಯಲಾರದು. ಹಾಳೆಯ ಮೇಲಿನ ಅಂಕಿಗೂ ತಕ್ಕಡಿಯ ಅಂಕಿಗೂ ತಾಳೆಯಾಗದಿರುವುದು ವಿದ್ಯಾರ್ಥಿಗಳ ಪ್ರಮಾಣಪತ್ರಗಳಲ್ಲಿ ನನಗೆ ಹೊಸದಲ್ಲ. ಸೆಲ್ಲಿನಲ್ಲಿ ಕಂಡದ್ದು ಅದೇ ಮೊದಲು.

ಇವುಗಳ ಒಳಗಿರುವುದು ನಿಕ್ಕಲ್ ಮತ್ತು ಜಲಜನಕವನ್ನು ಹೀರಿಕೊಳ್ಳಬಲ್ಲ ಲೋಹದ ಮಿಶ್ರಣ. ಸಾದಾ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಉರುವಲೂ ಹೌದು, ಗೋಡೆಯೂ ಹೌದು. ತನ್ನ ಮನೆಯ ಗೋಡೆಯನ್ನೇ ಸುಟ್ಟು ಅಡಿಗೆ ಮಾಡಿದಂತೆ. ಕೊನೆಗೆ ಗೋಡೆ ತೂತಾಗಿ ಒಳಗಿನದು ಸೋರುತ್ತದೆ. ತುಂಬುವ ಸೆಲ್ಲಿನಲ್ಲಿ ಜಲಜನಕ ಈ ಕಡೆಯಿಂದ ಆ ಕಡೆಗೆ ಹೋಗಿ, ಕರೆಂಟು ಕೊಟ್ಟರೆ ಮರಳಿ ಬರುತ್ತದೆ. ಸ್ವೀಡನ್ನಿನ ಯುಂಗ್ನರ್ 1899ರಲ್ಲಿಯೇ ನಿಕ್ಕಲ್–ಕ್ಯಾಡ್ಮಿಯಂ ಸೆಲ್ಲು ಮಾಡಿದ್ದ. ಕ್ಯಾಡ್ಮಿಯಂ ವಿಷವಾದುದರಿಂದ 1990ರ ಸುಮಾರಿಗೆ ಈ ಹೊಸ ಜಾತಿ ಪೇಟೆಗೆ ಬಂದಿತು. ಸುಮ್ಮನಿಟ್ಟರೂ ತಾನಾಗಿಯೇ ಬರಿದಾಗುತ್ತ ಹೋಗುವ ದುರ್ಗುಣ ಅದಕ್ಕಿತ್ತು. 2005ರಲ್ಲಿ ಜಪಾನಿನವರು ಅದನ್ನೂ ಬಹುಮಟ್ಟಿಗೆ ತಿದ್ದಿದರು.

ಆದರೆ ಈ ಸೆಲ್ಲಿಗೆ ಇನ್ನೊಂದು ಸ್ವಭಾವವಿದೆ. ಹೊಲಕ್ಕೆ ಹೋಗುವವರು ಅದನ್ನು ಅರಿತಿರಬೇಕು. ಸಾದಾ ಸೆಲ್ಲು ಸಾಯುವ ಮುನ್ನ ಸೂಚನೆ ಕೊಡುತ್ತದೆ. ಬೆಳಕು ಮೆಲ್ಲಮೆಲ್ಲಗೆ ಮಂದವಾಗುತ್ತ ಇಳಿಯುತ್ತದೆ. ತುಂಬುವ ಸೆಲ್ಲು ಕಡೆಯವರೆಗೆ ಒಂದೇ ಸಮನೆ ದುಡಿದು ಫಕ್ಕನೆ ಕುಸಿಯುತ್ತದೆ. ಆದ್ದರಿಂದ ಒಂದು ಜೋಡಿ ಬ್ಯಾಟ್ರಿಯಲ್ಲಿದ್ದರೆ ಇನ್ನೊಂದು ತುಂಬಿದ ಜೋಡಿ ಕಿಸೆಯಲ್ಲಿರಲೇಬೇಕು. ಯಾವುದು ತುಂಬಿದ್ದು, ಯಾವುದು ಬರಿದಾದದ್ದು ಎಂಬ ಲೆಕ್ಕ ಇಡುವವರು ಮನೆಯಲ್ಲಿ ಒಬ್ಬರು ಬೇಕು.

ಆ ಒಬ್ಬರು ನಮ್ಮ ತಂದೆಯವರಾದರು. ಆಗ ಅವರಿಗೆ ಎಪ್ಪತ್ತನಾಲ್ಕು. ಮೊಣಕಾಲು ಕೈಕೊಟ್ಟು ಎರಡು ವರ್ಷದಿಂದ ಹೊಲ ಕಂಡಿರಲಿಲ್ಲ. ಕಟ್ಟೆಯ ಮೇಲೆ ಕುಳಿತು, ದಾರಿಹೋಕರಿಂದ ತಮ್ಮ ಹೊಲದ ಸುದ್ದಿ ಕೇಳುವುದಷ್ಟೇ ಅವರ ಒಕ್ಕಲುತನವಾಗಿತ್ತು. ಚಾರ್ಜರನ್ನು ಮೊದಲ ದಿನ ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಯಾರೂ ಮುಟ್ಟಬ್ಯಾಡ್ರಿ, ನಾ ನೋಡ್ಕೊತೀನಿ” ಎಂದರು. ನನ್ನ ಕೆಂಪು ಪೆನ್ನು ಕೇಳಿ ಪಡೆದು ಜೋಡಿ ಜೋಡಿಗೆ ಗುರುತು ಹಾಕಿದರು: ಒಂದಕ್ಕೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು. ಹಳೆಯದನ್ನೂ ಹೊಸದನ್ನೂ ಬೆರೆಸಬಾರದೆಂದು ಚಾರ್ಜರಿನ ಕಾಗದದಲ್ಲಿ ಅಚ್ಚಾಗಿದ್ದುದನ್ನು ನಾನು ಓದಿ ಹೇಳಹೊರಟರೆ, “ಅದೇನ್ ಹೇಳ್ತಿಯೋ, ಮುದಿ ಎತ್ತಿಗೂ ಹೋರಿಗೂ ಒಂದೇ ನೊಗ ಯಾರರ ಕಟ್ಟತಾರೇನು?” ಎಂದುಬಿಟ್ಟರು. ಬೆರೆಸಿದರೆ ಬಲಹೀನವಾದದ್ದೇ ಮೊದಲು ಬರಿದಾಗಿ, ಬಲವಾದದ್ದರ ಎಳೆತಕ್ಕೆ ಸಿಕ್ಕಿ ಕೆಡುತ್ತದೆಂಬ ಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕವನ್ನು ನಾನು ಓದಿಲ್ಲ.

ಅಂದಿನಿಂದ ರಾತ್ರಿ ಸರದಿ ಇದ್ದಾಗಲೆಲ್ಲ ತಮ್ಮ ಹೊರಡುವ ಮುನ್ನ ತಂದೆಯವರ ಹಾಸಿಗೆಯ ಬಳಿ ನಿಲ್ಲಬೇಕು. ಅವರು ಎದ್ದು ಕುಳಿತು ಬ್ಯಾಟ್ರಿಯನ್ನು ತೊಲೆಗೆ ಬಿಟ್ಟು ನೋಡಿ, ಎರಡನೆಯ ಜೋಡಿಯನ್ನು ಕೈಗೆ ಕೊಟ್ಟು, “ಕೋಲು ಬಡೀತಾ ಹೋಗು” ಎನ್ನಬೇಕು. ಅದಾದ ಮೇಲೆಯೇ ಅವನು ಹೊಸ್ತಿಲು ದಾಟುವುದು. ಆಮೇಲೆ ನಾನು ಇನ್ನೆರಡು ಜೋಡಿ ತಂದುಕೊಟ್ಟೆ. ಮೂರು ಚುಕ್ಕೆಯದು ಅವರ ರೇಡಿಯೋಕ್ಕೆ ಹೋಯಿತು. ಬೆಳಿಗ್ಗೆ ಆಕಾಶವಾಣಿ ಕಲಬುರಗಿಯನ್ನು ಓಣಿಗೆಲ್ಲ ಕೇಳುವಂತೆ ಹಚ್ಚಲು ಈಗ ಅವರಿಗೆ ಕೈ ಹಿಡಿಯುವುದಿಲ್ಲ.

ಗೋಡೆಯ ಗಡಿಯಾರಕ್ಕೆ ಮಾತ್ರ ಅವರು ಚುಕ್ಕೆಯ ಸೆಲ್ಲನ್ನು ಹಾಕಗೊಡಲಿಲ್ಲ. ಅದೂ ಸರಿಯೇ. ಗಡಿಯಾರ, ಟಿವಿಯ ರಿಮೋಟುಗಳು ಗುಬ್ಬಿಯಂತೆ ತಿನ್ನುವ ಯಂತ್ರಗಳು. ಒಂದು ಸಾದಾ ಸೆಲ್ಲಿನಲ್ಲಿ ವರ್ಷ ದೂಡುತ್ತವೆ. ಅಲ್ಲಿ ದುಬಾರಿ ಸೆಲ್ಲನ್ನು ಕೂಡಿಸುವುದು ಪೈಲವಾನನನ್ನು ಕರೆತಂದು ಹೂ ಕಟ್ಟಲು ಹಚ್ಚಿದಂತೆ. ನಮ್ಮ ಬಿಸಿಲೂ ಈ ಸೆಲ್ಲುಗಳಿಗೆ ಆಗಿಬರುವುದಿಲ್ಲ. ಕಾವು ಹೆಚ್ಚಿದಷ್ಟೂ ಒಳಗಿನದು ತಾನಾಗಿ ಸೋರುವುದು ಹೆಚ್ಚು, ಆಯುಷ್ಯ ಕಡಿಮೆ. ಮೇ ತಿಂಗಳಿನಲ್ಲಿ ಪಾರಾ 42, 43 ದಾಟುವ ಈ ನಾಡಿನಲ್ಲಿ ತಂದೆಯವರು ಅವನ್ನು ಕಲ್ಲುಗೋಡೆಯ ಗೂಡಿನಲ್ಲಿ, ನೀರಿನ ಕೊಡದ ಮಗ್ಗುಲಿಗಿಡುತ್ತಾರೆ. ಹಿಂದೆ ಸೆಲ್ಲುಗಳನ್ನು ಮಾಳಿಗೆಯ ಬಿಸಿಲಿಗಿಟ್ಟ ಕೈಗಳೇ ಈಗ ನೆರಳಿಗಿಡುತ್ತಿವೆ.

ತುಂಬುವ ಸೆಲ್ಲಿನ ದೊಡ್ಡ ದೌರ್ಬಲ್ಯ ನಮಗೆ ತಿಳಿದದ್ದು 2020ರ ಅಕ್ಟೋಬರಿನಲ್ಲಿ. ಮೇಲಿನ ಮಹಾರಾಷ್ಟ್ರದಲ್ಲಿ ಮಳೆ ಸುರಿದು, ಉಜನಿ ಜಲಾಶಯದಿಂದ ನೀರು ಬಿಟ್ಟು, ಭೀಮೆ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯೂರುಗಳಿಗೆ ನುಗ್ಗಿದಳು. ಕಂಬಗಳು ನೀರಿನಲ್ಲಿ, ಕರೆಂಟಿಲ್ಲ. ನಾಲ್ಕು ಜೋಡಿಗಳಲ್ಲಿ ತುಂಬಿದ್ದವು ಮೊದಲ ಎರಡು ರಾತ್ರಿ ದನಕರುಗಳನ್ನು ಎತ್ತರಕ್ಕೆ ಸಾಗಿಸುವುದಕ್ಕೆ ಆದವು. ಮೂರನೆಯ ರಾತ್ರಿಗೆ ಎಲ್ಲವೂ ಖಾಲಿ. ಕರೆಂಟಿಲ್ಲದ ಊರಿನಲ್ಲಿ ಚಾರ್ಜರು ಒಂದು ಪ್ಲಾಸ್ಟಿಕ್ ತುಂಡು. ಆಗ ಕೈಹಿಡಿದದ್ದು ಕಿರಾಣಿ ಅಂಗಡಿಯ ಹದಿನೈದು ರೂಪಾಯಿಯ ಸೆಲ್ಲು. ಅಂದಿನಿಂದ ಗೂಡಿನಲ್ಲಿ ಒಂದು ಡಜನ್ ಸಾದಾ ಸೆಲ್ಲುಗಳೂ ಕಾಯಂ ಇರುತ್ತವೆ. ಅವು ಬಹಳ ದಿನ ಕೆಡದೆ ಕಾಯುತ್ತವೆ.

ಇನ್ನು ಸತ್ತ ಸೆಲ್ಲುಗಳ ಮಾತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಎಲ್ಲ ಜಾತಿಯ ಸೆಲ್ಲುಗಳನ್ನೂ ಮರಳಿ ಪಡೆದು ಮರುಬಳಕೆಗೆ ಸಾಗಿಸುವ ಹೊಣೆ ತಯಾರಿಸುವವರದು. ನಿಯಮ ಒಳ್ಳೆಯದೇ. ನಮ್ಮೂರಿನ ಅಂಗಡಿಗೆ ಹಳೆಯ ಸೆಲ್ಲು ಒಯ್ದು ಕೊಟ್ಟರೆ, “ಇದನ್ ಯಾಕ್ ತಂದ್ರಿ ಸರ್ರ?” ಎಂದು ಕೇಳುತ್ತಾರೆ. ನಿಯಮ ಈ ಹಳ್ಳಿಯವರೆಗೆ ನಡೆದು ಬರಲು ಇನ್ನೂ ಸ್ವಲ್ಪ ದಿನ ಬೇಕೆಂದು ತೋರುತ್ತದೆ. ಅಲ್ಲಿಯತನಕ ನಮ್ಮ ಹಳೆಯವೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಬಿದ್ದಿವೆ. ಹುಡುಗರಿಗೆ ಜಜ್ಜಲು ಕೊಡುವುದಿಲ್ಲ.

ಆ ಡಬ್ಬಿಗೆ ಹೋದ ಬೇಸಿಗೆಯಲ್ಲಿ ಒಂದು ಚುಕ್ಕೆಯ ಜೋಡಿಯೂ ಬಿತ್ತು. ಏಳು ವರ್ಷ ದುಡಿದಿತ್ತು. ಅದನ್ನು ಕೊಂಡು ತಂದ ದಿನ ತಂದೆಯವರು, “ಎಷ್ಟು ಸಲ ತುಂಬತದ?” ಎಂದು ಕೇಳಿದ್ದರು. ಐನೂರು ಸಲವೆಂದು ಬರೆದಿದೆ ಎಂದಿದ್ದೆ. ಎಂಟು ದಿನಕ್ಕೊಮ್ಮೆ ತುಂಬಿದರೆ ನಾಲ್ಕು ಸಾವಿರ ದಿನ, ಹತ್ತಿರ ಹತ್ತಿರ ಹನ್ನೊಂದು ವರ್ಷ ಎಂದು ಬೆರಳಿನಲ್ಲಿಯೇ ಲೆಕ್ಕ ಹಾಕಿ, “ಹಂಗಾದ್ರ ಇದ ನನ್ನ ಕಡೀ ಖರೀದಿ” ಎಂದಿದ್ದರು. ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು, ಅವರಿಗೆ ನೆನಪಿರಲಿಕ್ಕಿಲ್ಲವೆಂದುಕೊಂಡಿದ್ದೆ.

ಈಗ ಎಂಬತ್ತೊಂದರ ಅವರು ಸತ್ತ ಜೋಡಿಯನ್ನು ಅಂಗೈಯಲ್ಲಿ ತೂಗಿ ನೋಡಿ, ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿದರು. “ನೋಡಪಾ, ಇವೇ ಮೊದಲು ಹೋದ್ವು” ಎಂದರು. “ಶನಿವಾರ ಬರಬೇಕಾದ್ರ ಹೊಸಾ ಜೋಡಿ ತಗೊಂಡು ಬಾ. ತೂಗಿಸಿಕೊಂಡು ಬಾ ಮತ್ತ. ಸೋಮವಾರದಿಂದ ಅವನಿಗೆ ರಾತ್ರಿ ಸರದಿ ಅದ.”