ಹೀರೋ ಅಂಗಿ, ನಮ್ಮ ಅಳತೆ

ಪರದೆಯ ಮೇಲೆ ಹೀರೋ ಹೊಸ ಅಂಗಿ ತೊಟ್ಟು ಬಂದರೆ ಶಿಳ್ಳೆ ಹೊಡೆಯುತ್ತೇವೆ. ಅದನ್ನು ಕತ್ತರಿಸಿ ಹೊಲಿದವರು ಯಾರು? ಟೈಟಲ್ ಕಾರ್ಡಿನಲ್ಲಿ ಆ ಹೆಸರು ಬರುವಾಗ ನಾವಿನ್ನೂ ಸೀಟು ಹುಡುಕುತ್ತಿರುತ್ತೇವೆ! ಭಾರತಕ್ಕೆ ಮೊಟ್ಟಮೊದಲ ಆಸ್ಕರ್ ತಂದವರು ನಟರಲ್ಲ, ನಿರ್ದೇಶಕರಲ್ಲ. ನೆರೆಯ ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ. 1982ರ ‘ಗಾಂಧಿ’ ಚಿತ್ರದ ಉಡುಪಿಗಾಗಿ 1983ರಲ್ಲಿ ಜಾನ್ ಮೊಲ್ಲೊ ಅವರೊಂದಿಗೆ ಹಂಚಿಕೊಂಡ ಪ್ರಶಸ್ತಿ ಅದು.

ನನಗೆ ಆಕೆ ನೆನಪಾದದ್ದು ತಂಗಿಯ ನಿಶ್ಚಯದ ಹೊತ್ತಿಗೆ. ಅಪ್ಪ ಇಲ್ಲದ ಮನೆ. ಬೀಗರ ಎದುರು ಕೂಡಬೇಕಾದವನು ನಾನು, ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ಹವ್ಯಾಸಿ ಪತ್ರಕರ್ತ. ಇದ್ದ ಹಣ ತಂಗಿಯ ಸೀರೆಗೆ ಹೋಯಿತು. ಮದುವೆ ಸೀಜನ್ನು, ನವಲಗುಂದದ ಟೇಲರುಗಳಿಗೆ ಪುರಸೊತ್ತಿಲ್ಲ. ಮನೆಯಲ್ಲಿ ಅವ್ವ ಊರವರ ಜಂಪರ ಹೊಲಿಯುವ ಮಷೀನಿತ್ತು. ಅಂಚು, ಗುಂಡಿ ಹೊಲಿದು ನನ್ನ ಕೈಯೂ ಪಳಗಿತ್ತು. ನನ್ನ ನೆಹರೂ ಶರ್ಟು ನಾನೇ ಹೊಲಿಯಲು ಕೂತೆ.

ಹುಬ್ಬಳ್ಳಿಯಿಂದ 36 ಇಂಚು ಅಗಲದ ಬಿಳಿ ಖಾದಿ 3 ಮೀಟರು ತಂದೆ. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಗರಗ ನಮ್ಮ ಜಿಲ್ಲೆಯದೇ. ಖಾದಿ ನಮಗೇನು ಹೊಸದೇ? ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿದೆ. ಹೊಲಿದ ಮೇಲೆ ಕುಗ್ಗಿದರೆ ಯಾರ ಮುಂದೆ ಅಳೋಣ?

ನಕ್ಷೆ ಬರೆದದ್ದು ಹಳೆಯ ಸಿನಿಮಾ ಪೋಸ್ಟರಿನ ಹಿಂಬದಿಗೆ. ಟೇಪು ಹಿಡಿದ ಅವ್ವ ಗದರಿದಳು: “ಎದಿ ಉಬ್ಬಿಸಬ್ಯಾಡೋ ತಮ್ಮಾ. ನೀ ಫೈಟಿಂಗಿಗೆ ಹೊಂಟಿಲ್ಲ, ಊಟಕ್ಕ ಕುಂದ್ರಾಂವ!”

ಎದೆ 36. ಅದರ ಕಾಲು ಭಾಗ 9. ಸಡಿಲಿಗೆ 2 ಇಂಚು, ಹೊಲಿಗೆಗೆ ಅರ್ಧ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ 11½ ಇಂಚಿಗೆ ಗೆರೆ ಎಳೆದೆ. ಕೊರಳಿಗೆ ಮೊದಲು ಹಿಂಬದಿಯ ಕಡಿಮೆ ಆಳವನ್ನೇ ಕತ್ತರಿಸಬೇಕು. ಮುಂದಿನದನ್ನು ಆಮೇಲೆ ಇಳಿಸಬಹುದು, ಕತ್ತರಿಸಿದ್ದನ್ನು ಏರಿಸಲಾಗದು. ಕಾಲೇಜಿನಲ್ಲಿ ಹೆದರಿಸಿದ ಲೆಕ್ಕ ಇಲ್ಲಿ ಮೈಗೆ ಸರಿಯಾಗಿ ಕೂತಿತು.

ನಿಶ್ಚಯದ ದಿನ ಬೀಗರ ಕಡೆಯ ಹಿರಿಯರೊಬ್ಬರು ಕೇಳಿಯೇ ಬಿಟ್ಟರು: “ಎಷ್ಟು ಕಲ್ತೀರಿ?” ಇದ್ದದ್ದು ಹೇಳಿದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಒಳಗಿನಿಂದ ತಂಗಿಯ ದನಿ ಬಂತು: “ಆ ಅಂಗಿ ನಮ್ಮಣ್ಣ ತಾನ ಹೊಲದಾನ್ರಿ.”

ಹಿರಿಯರು ನನ್ನ ತೋಳಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. “ಗಟ್ಟಿ ಐತಿ,” ಅಂದರು. ಅಷ್ಟೇ. ಆಮೇಲೆ ಸಕ್ಕರೆ ಹಂಚಿದರು.

ಗೆಳೆಯರೇ, ಹೀರೋ ಅಂಗಿ ಹೀರೋನ ಎದೆಯ ಅಳತೆಯದು. ನಮ್ಮದನ್ನು ನಾವೇ ಟೇಪು ಹಿಡಿದು, ಉಸಿರು ಬಿಟ್ಟು, ಇದ್ದದ್ದು ಇದ್ದಷ್ಟೇ ಅಳೆದುಕೊಳ್ಳಬೇಕು. ಪೋಸ್ಟರಿನ ನಕ್ಷೆ ಮಡಚಿ ಇಟ್ಟಿದ್ದೇನೆ. ಮದುವೆ ಇನ್ನೂ ಮುಂದಿದೆ. ಮದುಮಗನ ಎದೆ 38 ಅಂತೆ!