ಕಾರಿನ ಕೆಮಿಗೆ ಉದಾಸಿನ

ಕಾರಿನ ಎರಡು ಹೊಡೆಲಿಪ್ಪ ಕನ್ನಡಿಗೊಕ್ಕೆ ಎಂಗಳ ಮನೆಲಿ ಕೆಮಿ ಹೇಳಿಯೇ ಹೆಸರು. ಸ್ವಿಚ್ಚು ಒತ್ತಿರೆ ದನ ಕೆಮಿ ಹಿಂದೆ ಮಾಡಿದ ಹಾಂಗೆ ಮಡುಸಿಗೊಳ್ತು, ಇನ್ನೊಂದರಿ ಒತ್ತಿರೆ ಬಿಡುಸಿಗೊಳ್ತು. ಕಳುದ ಮಳೆಗಾಲ ಮುಗಿವಗ ಈ ಕೆಮಿಗೊಕ್ಕೆ ಉದಾಸಿನ ಸುರುವಾತು. ಬಲದ ಹೊಡೆಯಾಣದ್ದು ಮೂಲಿಂಗೊಂಡು ಹೇಂಗೋ ಮಡುಸಿಗೊಂಡಿತ್ತು. ಎಡದ ಹೊಡೆಯಾಣದ್ದು ಅರ್ಧಕ್ಕೆ ಹೋಗಿ ನಿಂದೇಬಿಟ್ಟತ್ತು.

ಹದಿಮೂರು ವರ್ಷದ ಹಳೆ ಕಾರಿಂಗೆ ಇದೆಂತ ದೊಡ್ಡ ಸಂಗತಿ ಹೇಳಿ ನಿಂಗೊಗೆ ಕಾಂಗು. ಎಂಗಳಲ್ಲಿ ಅದು ದೊಡ್ಡ ಸಂಗತಿಯೇ. ದನಂಗೊ ಹೊಸ ಹಟ್ಟಿಗೆ ಹೋದ ಮತ್ತೆ ಹಳೆ ಹಟ್ಟಿಯನ್ನೇ ಎಂಗೊ ಕಾರಿನ ಶೆಡ್ಡು ಮಾಡಿದ್ದು. ಮುರಕಲ್ಲಿನ ಎರಡು ಕಂಬದ ಮಧ್ಯೆ ಇಪ್ಪ ಜಾಗೆ 6 ಅಡಿ 3 ಇಂಚು. ಕಾರಿನ ಮೈ 5 ಅಡಿ 7 ಇಂಚು. ಕೆಮಿ ಮಡುಸಿರೆ ಎರಡೂ ಹೊಡೆಲಿ ಬೆರಳಗಲ ಬಿಟ್ಟು ಒಳ ಹೋವ್ತು, ಮಡುಸದ್ದರೆ ಹೋಪಲೇ ಇಲ್ಲೆ. ಮಡುಸಿಯೇ ಇರಲಿ ಹೇಳಿರೆ ಮಾರ್ಗಲ್ಲಿ ಎಡಿಯ. ಎಂಗಳ ಮಾರ್ಗಲ್ಲಿ ಎದುರಂದ ಬಸ್ಸು ಬಂದರೆ ಕಾರಿನ ಎಡದ ಚಕ್ರ ಮಣ್ಣಿಂಗೆ ಇಳಿಶೆಕ್ಕು. ಅಷ್ಟಪ್ಪಗಳೇ ಎಡದ ಹೊಡೆಂದ ಒಂದು ಬೈಕು ನುಗ್ಗುಗು. ಅರ್ಧ ಮಡುಸಿದ ಕನ್ನಡಿಲಿ ಕಾಂಬದು ಕಾರಿನ ಬಾಗಿಲು ಮಾಂತ್ರ, ಬೈಕು ಅಲ್ಲ.

ಅತ್ತೆಯ ಮೊಳಪ್ಪಿಂಗೆ ಆಪರೇಶನ್ ಆದ ಮತ್ತೆ ವಾರಕ್ಕೆ ಮೂರು ಸರ್ತಿ ಫಿಸಿಯೋಥೆರಪಿಗೆ ಪುತ್ತೂರಿಂಗೆ ಕರಕ್ಕೊಂಡು ಹೋಯೆಕ್ಕು. ಮನೆಯವು ಮಂಗಳೂರಿಲಿ ಕೆಲಸಲ್ಲಿಪ್ಪದು, ಬಪ್ಪದು ಶನಿವಾರ ಇರುಳು. ಅಂಬಗ ಡ್ರೈವರು ಆನೇ.

ಗ್ಯಾರೇಜಿಲಿ ತೋರ್ಸಿದೆ. ಅಲ್ಯಾಣ ಹುಡುಗ ಎರಡು ಸರ್ತಿ ಸ್ವಿಚ್ಚು ಒತ್ತಿ ನೋಡಿ, “ಮೋಟ್ರು ಹೋಗಿದೆ ಅಕ್ಕಾ, ಎರಡೂ ಕನ್ನಡಿ ಇಡೀ ಬದಲಿಸ್ಬೇಕು” ಹೇಳಿದ. ಅವ ಹೇಳಿದ ಪೈಸೆಲಿ ಎಂಗಳ ಮನೆಗೆ ಎರಡು ತಿಂಗಳ ಸಾಮಾನು ಬಕ್ಕು. ಮನೆಯವರ ಹತ್ರೆ ಫೋನಿಲಿ ಹೇಳಿಯಪ್ಪಗ, “ಅಷ್ಟು ಪೈಸೆ ಆ ಕಾರಿಂಗೆ ಹಾಕುದರಿಂದ ಅದರ ಕೊಟ್ಟುಬಿಡುವೊ. ಹೊಸತ್ತು ಬಪ್ಪ ವರ್ಷ ನೋಡುವೊ” ಹೇಳಿದವು. ಅವು ಹೇಳಿದ್ದರ ಲೆಕ್ಕ ಸರಿಯೇ. ಆದರೆ ಆ ಬಪ್ಪ ವರ್ಷದ ವರೆಗೆ ಅತ್ತೆಯ ಕಾಲು, ಬೇಂಕಿನ ಕೆಲಸ, ಮಗಳ ಟ್ಯೂಶನು ಎಲ್ಲ ರಿಕ್ಷದವಂಗೆ ಪುರ್ಸೊತ್ತಿದ್ದರೆ ಮಾಂತ್ರ. ಕಾರು ಕಲಿವಲೆ ಎನಗೆ 41 ವರ್ಷ ಆಯೆಕ್ಕಾತು. ಕಲ್ತ ಮತ್ತೆ ಜಾಲಿಂದ ಹೆರ ಹೆರಡ್ಲೆ ಆರನ್ನೂ ಕಾವಲೆ ಇತ್ತಿಲ್ಲೆ. ಅದರ ಎರಡು ಕನ್ನಡಿಗೆ ಬೇಕಾಗಿ ಬಿಟ್ಟುಕೊಡ್ಲೆ ಮನಸ್ಸು ಬಯಿಂದಿಲ್ಲೆ.

ಹಾಂಗಾಗಿ ಆ ಕೆಮಿಯ ಒಳ ಎಂತ ಇದ್ದು ಹೇಳಿ ಮದಾಲು ತಿಳ್ಕೊಂಡೆ. ಒಳ ಇಪ್ಪದು ಹೆಬ್ಬೆರಳಿನಷ್ಟು ಸಣ್ಣ ಮೋಟ್ರು. ಅದು ಜೋರು ತಿರುಗುತ್ತು, ಆದರೆ ಬಲ ಕಮ್ಮಿ. ನಾಕೈದು ಹಲ್ಲಿನ ಚಕ್ರಂಗೊ ಸೇರಿ ಆ ವೇಗವ ಕಮ್ಮಿ ಮಾಡಿ ಬಲ ಹೆಚ್ಚು ಮಾಡ್ತವು. ನಡುವಿಲಿ ಒಂದು ಕಂಬ, ಅದಕ್ಕೆ ಬಿಗಿಯಾದ ಸ್ಪ್ರಿಂಗು. ಗಾಳಿಗೆ ಕನ್ನಡಿ ಆಡದ್ದ ಹಾಂಗೆ ಹಿಡಿವದೂ ಅದೇ, ದನ ಬಂದು ತಾಗಿರೆ ತುಂಡಾಗದ್ದೆ ಬಗ್ಗಿ ಕೊಡುದೂ ಅದೇ.

ಇನ್ನು ನಿಂಬದು ಹೇಂಗೆ? ಕನ್ನಡಿ ಕೊಡಿ ಎತ್ತಿಯಪ್ಪಗ ಮುಂದೆ ಹೋಪಲೆ ಜಾಗೆ ಇಲ್ಲದ್ದೆ ಮೋಟ್ರು ಹೆಣಗುತ್ತು. ಹೆಣಗುವಗ ಅದು ಹೆಚ್ಚು ಕರೆಂಟು ಎಳೆತ್ತು. ಕರೆಂಟು ಹೆಚ್ಚಪ್ಪದೇ ‘ಎತ್ತಿತ್ತು, ಇನ್ನು ಸಾಕು’ ಹೇಳುವ ಗುರ್ತ. ಈಗ ಗ್ರೇಶಿ ನೋಡಿ. ದಾರಿ ಮಧ್ಯಲ್ಲೇ ಗೆಂಟು ಬಿಗುದರೆ ಅಲ್ಲಿಯೂ ಮೋಟ್ರು ಹೆಣಗುತ್ತು, ಅಲ್ಲಿಯೂ ಕರೆಂಟು ಹೆಚ್ಚಾವ್ತು. ಎತ್ತಿತ್ತು ಹೇಳಿ ಅದು ಅಲ್ಲೇ ನಿಲ್ಲುತ್ತು. ಅರ್ಧಲ್ಲಿ ನಿಂದ ಮಾಂತ್ರಕ್ಕೆ ಮೋಟ್ರು ಸತ್ತದಲ್ಲ.

ಗೆಂಟು ಬಿಗಿವಲೆ ಕಾರಣ ನಮ್ಮ ಊರೇ. ಕಾರಿಂಗೆ ಅಂಟಿದ ಬುಡಕ್ಕೂ ತಿರುಗುವ ತಲೆಗೂ ಮಧ್ಯೆ ಒಂದು ಸಂದಿ ಇರ್ತು. ಬೇಸಗೆಲಿ ಅಲ್ಲಿಗೆ ಕೆಂಪು ಹೊಡಿ ಹೋವ್ತು. ಮತ್ತೆ ವರ್ಷಕ್ಕೆ 3500 ಮಿಲ್ಲಿಮೀಟರಿಂದಲೂ ಹೆಚ್ಚು ಮಳೆ ಬಪ್ಪ ಜಿಲ್ಲೆ ನಮ್ಮದು. ಕಂಪೆನಿಲಿ ಹಾಕಿದ ಗ್ರೀಸಿನ ಒಟ್ಟಿಂಗೆ ಆ ಹೊಡಿ ಸೇರಿ, ಚೆಂಡಿಯಾಗಿ, ಒಣಗಿ, ದೋಸೆ ಕಾವಲಿಗೆಯ ಕರೆಲಿ ಎಣ್ಣೆ ಕರಂಚಿ ಹಿಡುದ ಹಾಂಗೆ ಆವ್ತು.

ಆದರೂ ಇದೇ ಕಾರಣ ಹೇಳಿ ಗೊಂತುಮಾಡ್ಲೆ ಕೆಮಿ ಕೊಟ್ಟು ಕೇಳೆಕ್ಕು. ಮಿಕ್ಸಿಯ ಶಬ್ದಲ್ಲೇ ಒಳ ಅಕ್ಕಿ ಹೆಚ್ಚಾತೋ, ಬ್ಲೇಡು ಹೋತೋ ಹೇಳಿ ನವಗೆ ಗೊಂತಾವ್ತಿಲ್ಲೆಯಾ? ಹಾಂಗೇ ಇದುದೆ. ಸ್ವಿಚ್ಚು ಒತ್ತಿಯಪ್ಪಗ ಶಬ್ದವೇ ಇಲ್ಲದ್ದರೆ ಫ್ಯೂಸು, ಸ್ವಿಚ್ಚು, ಅಲ್ಲದ್ದರೆ ಬಾಗಿಲಿನ ತಿರುಗುಣೆ ಹತ್ರೆ ರಬ್ಬರಿನ ಒಳ ಹೋಪ ವಯರು ನೋಡೆಕ್ಕು. ಬಾಗಿಲು ತೆಗದು ಹಾಕಿ ಅಲ್ಲಿ ವಯರು ತುಂಡಪ್ಪದು ಇದ್ದು. ಮೋಟ್ರು ಸರಾಗ ತಿರುಗುವ ಶಬ್ದ ಇದ್ದು, ಕನ್ನಡಿ ಮಾಂತ್ರ ಹಂದುತ್ತಿಲ್ಲೆ ಹೇಳಿ ಆದರೆ ಚಕ್ರದ ಹಲ್ಲು ಹೋಯಿದು. ಮೂಲಿಂಗೊಂಡು, ತಡವಾಗಿ ತಿರುಗಿರೆ ಗೆಂಟು ಬಿಗುದ್ದು. ಎಂಗಳದ್ದು ಮೂರನೇದು.

ಒಂದು ಪರೀಕ್ಷೆ ಬಾಕಿ. ಬೇಟ್ರಿ ಹಳತ್ತಾದರೂ ಮೋಟ್ರು ನಿಧಾನ ಅಪ್ಪಲಿದ್ದು. ಇಂಜಿನು ನಿಂದಿಪ್ಪಗ ಒಳ್ಳೆ ಬೇಟ್ರಿಲಿ 12.6 ವೋಲ್ಟು ಹತ್ರೆ ಇರ್ತು, ಇಂಜಿನು ಓಡುವಗ ಸುಮಾರು 14ರ ವರೆಗೆ ಏರುತ್ತು. ಇಂಜಿನು ಸ್ಟಾರ್ಟು ಮಾಡಿ ಒತ್ತಿದೆ. ರಜ ಚುರ್ಕಾತು, ಆದರೂ ಎಡದ್ದು ಅರ್ಧಲ್ಲೇ ನಿಂದತ್ತು. ಅಂಬಗ ತೊಂದರೆ ಗೆಂಟಿಲಿಯೇ.

“ರಜ ತೆಂಗಿನೆಣ್ಣೆ ಬಿಡು, ಎಲ್ಲ ಸರಿ ಆವ್ತು” ಹೇಳಿದವು ಅತ್ತೆ. ತೆಂಗಿನೆಣ್ಣೆ ತಲೆಗೂ ಒಗ್ಗರಣೆಗೂ ಅಕ್ಕು, ಇದಕ್ಕೆ ಆಗ. 24 ಡಿಗ್ರಿಂದ ಕೆಳ ಹೋದರೆ ಅದು ಗಟ್ಟಿ ಆವ್ತು. ಧನು ತಿಂಗಳಿಲಿ ಉದಿಯಪ್ಪಗ ಕುಪ್ಪಿಂದ ಎಣ್ಣೆ ಬೀಳದ್ದು ನಿಂಗೊಗೆಲ್ಲ ಗೊಂತಿದ್ದನ್ನೆ. ಮತ್ತೆ ದಿನ ಹೋದ ಹಾಂಗೆ ಅದು ಅಂಟಾಗಿ ಹೊಡಿಯ ಹಿಡುದು ಮಡುಗುತ್ತು. ಹೊಲಿಗೆ ಮಿಶನಿಂಗೆ ತೆಂಗಿನೆಣ್ಣೆ ಬಿಟ್ಟವಕ್ಕೆ ಈ ಕಥೆ ಹೇಳೆಕ್ಕಾದ್ದೇ ಇಲ್ಲೆ. ತುಕ್ಕು ಬಿಡುಸುವ ಸ್ಪ್ರೇ ಒಂದನ್ನೇ ಹಾಕಿರೂ ಹೆಚ್ಚು ದಿನ ಬಾರ. ಅದು ಬಿಡುಸುಲೆ ಇಪ್ಪದು, ಜಾರುಸುಲೆ ಅಲ್ಲ. ಪೆಟ್ರೋಲು ಪ್ಲಾಸ್ಟಿಕ್ಕಿಂಗೆ ಆಗ. ಇದಕ್ಕೆ ಬೇಕಾದ್ದು ಸಿಲಿಕೋನ್ ಸ್ಪ್ರೇ. ಪ್ಲಾಸ್ಟಿಕ್ಕಿಂಗೂ ರಬ್ಬರಿಂಗೂ ಅದು ಹಾಳಲ್ಲ. ಕಾರಿನ ಸಾಮಾನಿನ ಅಂಗಡಿಲಿ ಸಿಕ್ಕುತ್ತು.

ಮಾಡಿದ ಕ್ರಮ ಹೀಂಗೆ. ಬೆಶಿಲು ಇಪ್ಪ ದಿನ ಕಾರಿನ ಜಾಲಿಲಿ ನಿಲ್ಸಿ, ಹಳೆ ಹಲ್ಲು ತಿಕ್ಕುವ ಬ್ರಶ್ಶಿಲಿ ಸಂದಿಯ ಹೊಡಿ ತೆಗದೆ. ಚೆಂಬಿಲಿ ನಿಧಾನಕ್ಕೆ ನೀರು ಎರಕ್ಕೊಂಡು, ಮಗಳ ಹತ್ರೆ ಇಂಜಿನು ಓಡಿಂಗೊಂಡೇ ಸ್ವಿಚ್ಚು ಒತ್ತಲೆ ಹೇಳಿದೆ. ಪೈಪಿಲಿ ಜೋರು ನೀರು ಬಿಡ್ಲಾಗ, ಒಳಾಣ ಮೋಟ್ರಿಂಗೆ ಹೋಕು. ಸುರುವಿಂಗೆ ಬಂದ ನೀರು ಚಾಯದ ಬಣ್ಣಲ್ಲಿತ್ತು. ನಾಕೈದು ಸರ್ತಿ ಮಡುಸಿ ಬಿಡುಸಿ, ಹತ್ತು ನಿಮಿಷ ಬಿಟ್ಟು, ಪುನಾ ನಾಕೈದು ಸರ್ತಿ. ಎಡೆ ಕೊಡದ್ದೆ ಒತ್ತಿರೆ ಆ ಸಣ್ಣ ಮೋಟ್ರು ಬೆಶಿ ಆವ್ತು. ನೀರು ತಿಳಿ ಆದ ಮತ್ತೆ ಉದ್ದಿ, ಹೊತ್ತೋಪಗ ವರೆಗೆ ಒಣಗಲೆ ಬಿಟ್ಟೆ. ಮತ್ತೆ ಸ್ಪ್ರೇಯ ಸಪೂರ ನಳಿಗೆಯ ಸಂದಿಗೆ ಹಿಡುದು ಸುತ್ತ ರಜ ರಜ ಬಿಟ್ಟೆ. ಕನ್ನಡಿಗೆ ಹಾರದ್ದ ಹಾಂಗೆ ವಸ್ತ್ರ ಅಡ್ಡ ಹಿಡಿಯೆಕ್ಕು. ಹಾರಿರೆ ಮತ್ತೆ ಕಾಂಬದೆಲ್ಲ ಮಸ್ಕು.

ಬಲದ್ದು ಅಂದೇ ಸರಿಯಾತು. ಎಡದ್ದು ಸುರೂವಾಣ ದಿನ ಮುಕ್ಕಾಲು ವರೆಗೆ ಹೋತು. ಎರಡು ದಿನ ಬಿಟ್ಟು ಇನ್ನೊಂದರಿ ತೊಳದು ಸ್ಪ್ರೇ ಬಿಟ್ಟೆ. ಈಗ ಮೂರು ಎಣುಸುವಗ ಮಡುಸಿಗೊಳ್ತು. ಆದ ಖರ್ಚು ಒಂದು ಸ್ಪ್ರೇ ಡಬ್ಬಿಯದ್ದು ಮಾಂತ್ರ. ಅದರಲ್ಲಿಯೂ ಅರ್ಧ ಉಳುದ್ದು.

ಇಷ್ಟಕ್ಕೂ ಸರಿ ಆಗದ್ದರೆ ಒಳ ಬಿಚ್ಚೆಕ್ಕಾವ್ತು. ಅದು ಮನೆಲಿ ಬೇಡ. ಆ ಸ್ಪ್ರಿಂಗು ಬಿಗಿಲಿಪ್ಪದು, ಹಾರಿರೆ ಕಣ್ಣಿಂಗೆ ಅಪಾಯ. ಕಾರಿನ ಕರೆಂಟಿನ ಕೆಲಸ ಗೊಂತಿಪ್ಪವರ ಹತ್ರೆ ಕೊಡಿ. ಆದರೆ ಇಡೀ ಕನ್ನಡಿ ತೆಗವ ಮದಲು, ಮಡುಸುವ ಮೋಟ್ರು ಒಂದೇ ಸಿಕ್ಕುಗಾ ಹೇಳಿ ಕೇಳಿ. ಸುಮಾರು ಕಾರುಗೊಕ್ಕೆ ಸಿಕ್ಕುತ್ತು. ಅರ್ಧಲ್ಲಿ ನಿಂದರೆ ಕೈಲಿ ನೂಕಲೂ ಆಗ, ಒಳಾಣ ಪ್ಲಾಸ್ಟಿಕ್ಕಿನ ಹಲ್ಲು ಹೋಕು. ಇನ್ನು ಆನು ವರ್ಷಕ್ಕೆ ಎರಡು ಸರ್ತಿ ಇದರ ಮಾಡ್ತೆ: ಪತ್ತನಾಜೆಂದ ಮದಲು ಒಂದರಿ, ದೀಪಾವಳಿ ಕಳುದು ಒಂದರಿ.

ಶನಿವಾರ ಮನೆಯವು ಬಂದು, ಎರಡು ಸರ್ತಿ ಒತ್ತಿ ನೋಡಿ, “ಬಪ್ಪ ವರ್ಷವೂ ಇದುವೇ ಸಾಕನ್ನೆ” ಹೇಳಿದವು. ಅತ್ತೆ ಜೆಗಿಲಿಲಿ ಕೂದು ಕಾಲು ಮಡುಸಿ ನೀಡಿ ವ್ಯಾಯಾಮ ಮಾಡಿಗೊಂಡಿತ್ತಿದ್ದವು. “ಎನ್ನ ಮೊಳಪ್ಪಿಂಗೂ ಒಂದು ಸ್ಪ್ರೇ ಸಿಕ್ಕಿದ್ದರೆ!” ಹೇಳಿ ನೆಗೆ ಮಾಡಿದವು. ಫಿಸಿಯೋಥೆರಪಿಯ ಕೂಸು ಅವಕ್ಕೆ ಹೇಳುದೂ ಇದನ್ನೇ: ಪ್ರಾಯ ಆತು ಹೇಳಿ ಕೂದರೆ ಗೆಂಟು ಇನ್ನೂ ಬಿಗಿತ್ತು, ದಿನಾ ಹಂದುಸೆಕ್ಕು.

ಇಂದು ಬುಧವಾರ. ನಾಕು ಗಂಟಗೆ ಅತ್ತೆಯ ಕರಕ್ಕೊಂಡು ಹೆರಡೆಕ್ಕು, ಚಾಯಕ್ಕೆ ನೀರು ಮಡುಗಿದ್ದೆ. ಬತ್ತೆ.